ಮೂರು, ಎರಡು, ಒಂದು

ಜೂನ್ ತಿಂಗಳು, ಮಲ್ಪೆಯಲ್ಲಿ
ಬೋಟಿಗೂ ರಜೆ, ಐಸಿಗೂ ರಜೆ.
ಮೆಂಡನ್ನರ ಪ್ಲಾಂಟಿನಲ್ಲಿ ಅಮೋನಿಯಾದ ವಾಸನೆಯೊಂದೇ
ಊರಿಗೆ ಹೋಗದೆ ಉಳಿದಿತ್ತು.
ಇಪ್ಪತ್ತು ಅಡಿ ತೊಲೆ, ಎರಡು ಕಡೆ ಮುರಕಲ್ಲಿನ ಗೋಡೆ,
ನಟ್ಟನಡುವೆ ಒಂದು ತುಕ್ಕಿನ ಕಲೆ.
ಬಂದವರೆಲ್ಲರ ಬೆರಳೂ ಅದರ ಕಡೆಗೆ.

"ತಟ್ಟಿ ನೋಡುವುದಿಲ್ಲವಾ?" ಎಂದರು ಧನಿ.
ತಟ್ಟಿ ನೋಡುವವರು ಬೇರೆ ಇದ್ದಾರೆ,
ಹಲಸಿನಕಾಯಿಗೆ ಕಿವಿಗೊಟ್ಟಂತೆ
ತೊಲೆಯ ನಡುಕ ಕೇಳಿ ಹೇಳುವವರು;
ಅವರ ಪೆಟ್ಟಿಗೆಗೆ ಬಾಡಿಗೆ ಜಾಸ್ತಿ.
ನಾವು ಭಾರ ಇಟ್ಟು ಕಾಯುವ ಪೈಕಿ.

"ಹಾಗಾದರೆ ಐಸೇ ಇಡುವ, ಒಂದು ದಿನ ಮಿಶಿನು ಓಡಿಸಿದರಾಯಿತು."
ಫುರ್ಟಾಡೊ ಸರ್ ನಗಲಿಲ್ಲ.
ಕರಗುವ ಭಾರಕ್ಕೆ ಲೆಕ್ಕ ಹಿಡಿಯುವವರು ಯಾರು?
ಮರಳು ಬಂತು, ಎಂಬತ್ತು ಚೀಲ,
ಒಂದೊಂದನ್ನೂ ತೂಗಿ ಐವತ್ತು ಕಿಲೊ.

ತೊಲೆಯ ಅಡಿಗೆ ಮೂರು ಡಯಲು:
ಕಾಲರಲ್ಲಿ ಒಂದು, ಅರ್ಧದಲ್ಲಿ ಒಂದು, ಮುಕ್ಕಾಲರಲ್ಲಿ ಒಂದು.
ಮುಳ್ಳನ್ನು ಸೊನ್ನೆಗೆ ತರುವುದು
ಹನ್ನೊಂದು ವರ್ಷದಿಂದ ನನ್ನ ಕೆಲಸ.
ಉಸಿರು ಹಿಡಿಯಬೇಕೆಂದೇನಿಲ್ಲ,
ಹಿಡಿಯುತ್ತೇನೆ.

ಓದುವುದು ಬೆಳಗಿನ ಜಾವ ನಾಲ್ಕಕ್ಕೆ,
ಮೇಲಿನ ತಗಡು ತಣಿದ ಮೇಲೆ.
ಹಗಲಿನ ಬಿಸಿಗೆ ತೊಲೆಯೂ ಮಾತು ಬದಲಿಸುತ್ತದೆ.
ಹೊರಗೆ ಲಾರಿ ಹಾದರೆ
ಮುಳ್ಳು ಬೆದರಿ, ಸುಮ್ಮನಾಗುತ್ತದೆ.
ಸುಮ್ಮನಾದ ಮೇಲೆ ಬರೆಯಬೇಕು.

ಗಟ್ಟಿ ತೊಲೆಯಾಗಿದ್ದರೆ ಬಾಗಬೇಕಾದದ್ದು:
ಒಂದೂವರೆ, ಎರಡು ಪಾಯಿಂಟ್ ಒಂದು, ಒಂದೂವರೆ.
ಎಲ್ಲ ಮಿಲಿಮೀಟರು, ಅಕ್ಕಿಕಾಳಿನ ದಪ್ಪದ ಸುತ್ತಮುತ್ತ.
ಬಾಗಿದ್ದು:
ಎರಡು ಪಾಯಿಂಟ್ ಒಂದು, ಎರಡೂವರೆ, ಒಂದು ಪಾಯಿಂಟ್ ಏಳು.
ಕಳೆದೆ. ಇನ್ನೊಮ್ಮೆ ಕಳೆದೆ.
ಉಳಿದದ್ದು ಆರು, ನಾಲ್ಕು, ಎರಡು.
ಎಂದರೆ ಮೂರು, ಎರಡು, ಒಂದು,
ಯಾರೋ ಬಲಗಡೆಯಿಂದ ಎಡಕ್ಕೆ
ಮೆಟ್ಟಿಲು ಇಟ್ಟ ಹಾಗೆ.

ನಡುವಿನ ಕಲೆಯದ್ದೇನೂ ತಪ್ಪಿಲ್ಲ,
ಮೇಲಿನ ತೊಟ್ಟಿಯಿಂದ ಜಿನುಗಿದ ಉಪ್ಪುನೀರು ಅದು.
ಪೆಟ್ಟು ಇರುವುದು ಎಡಗಡೆಯ ಕಾಲುಭಾಗದೊಳಗೆ,
ಬಿರುಕಿಲ್ಲದ, ನುಣ್ಣಗಿನ ಗಾರೆಯ ಹಿಂದೆ ಎಲ್ಲೋ.
"ಎಲ್ಲೋ" ಎಂದರೆ ಸರ್ ಒಪ್ಪುವುದಿಲ್ಲ.
ಚೀಲ ಇಳಿಸಿ, ಡಯಲು ಸರಿಸಿ, ಮತ್ತೆ ಏರಿಸಿ
ಇನ್ನೊಂದು ರಾತ್ರಿ.

ಚೀಲ ಹೊತ್ತದ್ದು ಪೂವಪ್ಪ ಮೇಸ್ತ್ರಿಯ ಜನ.
ಮೇಸ್ತ್ರಿ ಮಾತ್ರ ಮನೆಗೆ ಹೋಗಲಿಲ್ಲ,
ಮೀನಿನ ಕ್ರೇಟು ಬೋರಲು ಹಾಕಿ ಕುಳಿತು
ಮುಳ್ಳನ್ನೇ ನೋಡುತ್ತಿದ್ದರು.
"ಇದು ಹೇಳುತ್ತದಾ?"
ಹೇಳುತ್ತದೆ. ಎಲ್ಲಿ ಅಂತ, ಎಷ್ಟು ಅಂತ.
"ಏರ್?" ಎಂದರು ತುಳುವಿನಲ್ಲಿ, ಮೆಲ್ಲಗೆ.
ಯಾರು ಅಂತ ಹೇಳುವುದಿಲ್ಲ ಮೇಸ್ತ್ರಿ.
ವರದಿಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಬೀಡಿ ಹಚ್ಚಲಿಲ್ಲ, ಕೈಯಲ್ಲಿ ತಿರುಗಿಸುತ್ತಾ ಹೇಳಿದರು:
"ಅಲ್ಲಿ ಪೈಪು ಹೋಗಬೇಕಿತ್ತು. ದೊಡ್ಡ ಧನಿಗಳ ಅವಸರ.
ಅಡಿಯಿಂದ ಒಡೆದೆ. ಎರಡು ಸರಳು ಕತ್ತರಿಸಿದೆ.
ಮರುದಿನ ಪೈಪು ಬೇರೆ ದಾರಿಯಲ್ಲಿ ಹೋಯಿತು.
ಮೆತ್ತಿಬಿಡು ಅಂದರು. ಮೆತ್ತಿದೆ."
ಸ್ವಲ್ಪ ತಡೆದು,
"ಚೆನ್ನಾಗಿಯೇ ಮೆತ್ತಿದೆ. ಹತ್ತೊಂಬತ್ತು ವರ್ಷ
ಒಬ್ಬನಿಗೂ ಕಾಣಲಿಲ್ಲ."
ಅದರಲ್ಲಿ ಹೆಮ್ಮೆಯೂ ಇತ್ತು, ಸುಳ್ಳೇಕೆ.

ಬೆಳಗಾಯಿತು. ಚೀಲ ಇಳಿದವು.
ಮುಳ್ಳುಗಳು ಹಿಂದೆ ಬಂದವು, ಎಡಗಡೆಯದ್ದು
ಸೊನ್ನೆಗೆ ಮೂರು ಗೆರೆ ಇರುವಾಗ ನಿಂತಿತು.
ಇಡೀ ದಿನ ಕಾದೆವು. ಅಲ್ಲೇ.

ಲೆಕ್ಕದ ಪ್ರಕಾರ ಗೋಡೆಯಿಂದ ನಾಲ್ಕು ಅಡಿ.
ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ.
ಮೇಸ್ತ್ರಿ ಸುಣ್ಣ ಕೇಳಿ ಪಡೆದು
ಕಣ್ಣು ಕಿರಿದು ಮಾಡಿ, ಅಂಗೈಯಿಂದ ಗಾರೆ ಸವರಿ
ನನ್ನ ಗೆರೆಗೆ ನಾಲ್ಕು ಬೆರಳು ಆಚೆ
ಇನ್ನೊಂದು ಎಳೆದರು.

ಉಳಿ ಹಿಡಿದ ಹುಡುಗ
ನಮ್ಮಿಬ್ಬರ ಮುಖ ನೋಡಿದ.
"ಮೇಸ್ತ್ರಿಯದ್ದಕ್ಕೆ ಇಡು," ಎಂದೆ,
ಪುಸ್ತಕದಲ್ಲಿ ಮಾತ್ರ
ನನ್ನ ಅಂಕಿಯನ್ನು ತಿದ್ದಲಿಲ್ಲ.